ಇಂಡೆಕ್ಸ್ ಹಾಕಿದ ಮೇಲೂ ನಿಧಾನ ಅನ್ನುವವರಿಗೆ ಪಾಠ ಮಾಡು

ಚಿ. ವಿನಯನಿಗೆ ಅತ್ತೆಯ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಯೂಟ್ಯೂಬ್ ಚಾನೆಲ್ಲಿನ ಎಸ್‌ಕ್ಯೂಎಲ್ (ಡೇಟಾಬೇಸನ್ನು ಕೇಳುವ ಭಾಷೆ) ಪಾಠ ಜಾಯಿನ್ (ಎರಡು ಟೇಬಲ್ ಜೋಡಿಸುವುದು), ಗ್ರೂಪ್ ಬೈ (ಗುಂಪು ಮಾಡಿ ಲೆಕ್ಕ ಹಾಕುವುದು) ತನಕ ಬಂದು ನಿಂತಿದೆ, ನೋಡುವವರ ಸಂಖ್ಯೆಯೂ ಅಲ್ಲಿಗೇ ನಿಂತಿದೆ, ಇನ್ನು ಮುಂದಿನ ಹಂತದ ಡೇಟಾಬೇಸ್ ಪಾಠ ಶುರುಮಾಡುತ್ತೇನೆ ಎಂದು ಬರೆದಿದ್ದೀಯ. ಮಾಡು, ಒಳ್ಳೆಯದೇ. ಆದರೆ ನೀನು ಕಳಿಸಿದ ಪಟ್ಟಿಯಲ್ಲಿ ಶಾರ್ಡಿಂಗ್ (ಡೇಟಾವನ್ನು ಹಲವು ಸರ್ವರಿಗೆ ಹಂಚುವುದು), ನೋಎಸ್‌ಕ್ಯೂಎಲ್ (ಟೇಬಲ್ಲಿನ ಕಟ್ಟು ಇಲ್ಲದ ಡೇಟಾಬೇಸ್) ಎಲ್ಲ ಮೊದಲ ತಿಂಗಳಲ್ಲೇ ಕೂತಿವೆ. ಅವನ್ನು ಕೇಳಿಸಿಕೊಳ್ಳಬಹುದೇ ಹೊರತು ಮನೆಯ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡುವುದು ಕಷ್ಟ. ಮಾಡಿ ನೋಡಲಾಗದ ಪಾಠಕ್ಕೆ ಜನ ಎರಡನೇ ಸಲ ಬರುವುದಿಲ್ಲ.

ಮೊದಲು ನಿನ್ನ ವಿದ್ಯಾರ್ಥಿ ಯಾರು ಅಂತ ಗಟ್ಟಿ ಮಾಡಿಕೋ. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆಗಿದೆ. ಜಾಯಿನ್ ಬರೆಯಲು ಬರುತ್ತದೆ. ಟೇಬಲ್ಲು ಬೆಳೆದು ಪೇಜು ತೆರೆಯಲು ಎಂಟು ಸೆಕೆಂಡು ಹಿಡಿಯುತ್ತಿದೆ, ಮ್ಯಾನೇಜರ್ ಕೇಳುತ್ತಿದ್ದಾರೆ, ಇಂಡೆಕ್ಸ್ (ಪುಸ್ತಕದ ಕೊನೆಯ ಸೂಚಿಯ ಹಾಗೆ ಸಾಲನ್ನು ಬೇಗ ಹುಡುಕಿಸುವ ಪಟ್ಟಿ) ಹಾಕಿದ್ದೂ ಆಯಿತು, ಏನೂ ಬದಲಾಗಿಲ್ಲ. ಇಂಥವರ ಸಂಖ್ಯೆ ಹೊಸದಾಗಿ ಕಲಿಯುವವರಿಗಿಂತ ಕಡಿಮೆ, ಹಾಗಾಗಿ ವ್ಯೂಸ್ ಇಳಿದೇ ಇಳಿಯುತ್ತದೆ. ಅದಕ್ಕೆ ಗಾಬರಿಯಾಗಬೇಡ. ಕೊನೆತನಕ ನೋಡಿದವರೆಷ್ಟು, ತಮ್ಮ ಆಫೀಸಿನ ತೊಂದರೆ ಕೆಳಗೆ ಬರೆದವರೆಷ್ಟು ಎಂದು ನೋಡು. ಪಕ್ಕದ ಸೀಟಿನವರಿಗೆ ಲಿಂಕ್ ಕಳಿಸುವವರು, ದುಡ್ಡು ಕೊಟ್ಟು ಕಲಿಯುವವರು ಇವರೇ.

ಈಗಿರುವ ನೋಡುಗರನ್ನು ಒಂದೇ ಏಟಿಗೆ ಅಲ್ಲಿಗೆ ಎಳೆಯಲಾಗದು. ನಡುವೆ ಮೂರು ಪಾಠ ಹಾಕು. ಒಂದು, ನಾಟ್ ಇನ್ (ಈ ಪಟ್ಟಿಯಲ್ಲಿ ಇಲ್ಲದವು ಎಂಬ ಷರತ್ತು) ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ (ಮೌಲ್ಯ ಗೊತ್ತಿಲ್ಲ ಎಂಬ ಗುರುತು) ಇದ್ದರೂ ಉತ್ತರ ಪೂರ್ತಿ ಖಾಲಿ ಬರುವುದೇಕೆ, ನಾಟ್ ಎಕ್ಸಿಸ್ಟ್ಸ್ ಬರೆದರೆ ಸರಿಹೋಗುವುದೇಕೆ. ಎರಡು, ಒಂದು ಬಿಲ್ಲಿಗೆ ಎರಡು ಕಂತಿನ ಪಾವತಿ ಇದ್ದು ಜಾಯಿನ್ ಮಾಡಿದಾಗ ಬಿಲ್ಲಿನ ಮೊತ್ತ ಇಮ್ಮಡಿಯಾಗುವುದು. ಮೂರು, ವಿಂಡೋ ಫಂಕ್ಷನ್ (ಸಾಲುಗಳನ್ನು ಒಂದಾಗಿಸದೆ ಅಕ್ಕಪಕ್ಕದ ಸಾಲುಗಳ ಮೇಲೆ ಲೆಕ್ಕ ಹಾಕುವುದು). ಈ ಮೂರೂ ಗೊತ್ತಿದ್ದ ನೆಲದಲ್ಲೇ ಎಡವಿಸುವ ವಿಷಯ, ಹಳಬರಿಗೂ ರುಚಿಸುತ್ತವೆ.

ಇನ್ನು ಅಭ್ಯಾಸದ ಡೇಟಾ. ಹತ್ತು ಸಾಲಿನ ಟೇಬಲ್ಲಿನಲ್ಲಿ ಇಂಡೆಕ್ಸ್ ಪಾಠ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀನು ಪಾಠಕ್ಕೆ ಬಳಸುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟ (ಡಿಸ್ಕಿನಿಂದ ಒಮ್ಮೆಗೆ ಓದುವ ತುಂಡು) 8 ಕೆಬಿ. ಹತ್ತು ಸಾಲು ಒಂದೇ ಪುಟದಲ್ಲಿ ಕೂರುತ್ತವೆ, ಇಂಡೆಕ್ಸ್ ಮುಟ್ಟುವ ಅಗತ್ಯವೇ ಅದಕ್ಕಿಲ್ಲ. ಸಾಲಾಗಿ ಅಂಕಿ ಹುಟ್ಟಿಸುವ ಜನರೇಟ್ ಸೀರೀಸ್ ಬಳಸಿ 50 ಲಕ್ಷ ಆರ್ಡರ್ ಸಾಲು ತುಂಬಿಸು, ಅರ್ಧ ಜಿಬಿ ಆಸುಪಾಸು ಆಗುತ್ತದೆ. ಶೇರ್ಡ್ ಬಫರ್ಸ್ (ಓದಿದ ಪುಟಗಳನ್ನು ಇಟ್ಟುಕೊಳ್ಳುವ ಮೆಮೊರಿ) ತಾನಾಗಿ ಇರುವುದು 128 ಎಂಬಿ, ಅಂದರೆ ಟೇಬಲ್ಲು ಅದರಲ್ಲಿ ಹಿಡಿಸುವುದಿಲ್ಲ. ನಿನಗೆ ಬೇಕಾದದ್ದೂ ಅದೇ. ತುಂಬಿಸುವ ಮೊದಲು ಅದೇ ಸೆಷನ್ನಿನಲ್ಲಿ ಸೆಟ್‌ಸೀಡ್ (ರ‍್ಯಾಂಡಮ್ ಅಂಕಿಗಳ ಆರಂಭದ ಬಿಂದು) ಕೊಟ್ಟರೆ ಎಲ್ಲರ ಮನೆಯಲ್ಲೂ ಒಂದೇ ರ‍್ಯಾಂಡಮ್ ಅಂಕಿಗಳು ಬರುತ್ತವೆ. ಆವೃತ್ತಿ ಬೇರೆಯಾದರೆ ಇದು ಕೆಡಬಹುದು, ರ‍್ಯಾಂಡಮ್ ಲೆಕ್ಕದ ವಿಧಾನ 15ನೇ ಆವೃತ್ತಿಯಲ್ಲಿ ಬದಲಾಗಿದೆ. ಆದ್ದರಿಂದ ಡಾಕರ್ (ಸಾಫ್ಟ್‌ವೇರನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ) ಇಮೇಜಿಗೆ ಲೇಟೆಸ್ಟ್ ಎಂದು ಬರೆಯದೆ 16 ಎಂದೋ 17 ಎಂದೋ ನಮೂದಿಸು.

ಡಾಕರಿನಲ್ಲಿ ಬೀಳುವ ಇನ್ನೊಂದು ಹಳ್ಳ ಇದೆ. ಕಂಟೇನರಿಗೆ ಶೇರ್ಡ್ ಮೆಮೊರಿ ತಾನಾಗಿ ಸಿಗುವುದು 64 ಎಂಬಿ ಮಾತ್ರ. ದೊಡ್ಡ ಟೇಬಲ್ಲಿನ ಮೇಲೆ ಪ್ಯಾರಲಲ್ ಕ್ವೆರಿ (ಹಲವು ವರ್ಕರುಗಳು ಹಂಚಿಕೊಂಡು ಮಾಡುವ ಕ್ವೆರಿ) ಓಡಿದಾಗ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಎರರ್ ಬರಬಹುದು. ಪಾಪ, ಹುಡುಗರು ಡಿಸ್ಕ್ ತುಂಬಿತೆಂದು ಫೋಟೋ ಅಳಿಸುತ್ತಾ ಕೂರುತ್ತಾರೆ. ಕಂಟೇನರ್ ಶುರುಮಾಡುವಾಗಲೇ ಶೇರ್ಡ್ ಮೆಮೊರಿ ಗಾತ್ರ 1 ಜಿಬಿ ಎಂದು ಕೊಟ್ಟರೆ ಮುಗಿಯಿತು.

ಮೊದಲ ನಾಲ್ಕು ಪಾಠ ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿಯನ್ನು ಓಡಿಸಿ ಅದು ಹಿಡಿದ ದಾರಿ, ಅಂದರೆ ಪ್ಲಾನು, ತೋರಿಸುವ ಆದೇಶ) ಓದುವುದಕ್ಕೇ ಇರಲಿ, ಎಷ್ಟು ಪುಟ ಓದಿತೆಂದು ತೋರಿಸುವ ಬಫರ್ಸ್ ಆಯ್ಕೆಯೂ ಸೇರಲಿ. ಆ ಪಾಠಗಳಲ್ಲಿ ಪ್ಯಾರಲಲ್ ವರ್ಕರ್ ಸಂಖ್ಯೆಯನ್ನು ಸೊನ್ನೆ ಮಾಡಿಬಿಡು, ಇಲ್ಲದಿದ್ದರೆ ಪ್ಲಾನು ಗೋಜಲಾಗುತ್ತದೆ. ಎಲ್ಲರೂ ಎಡವುವ ಜಾಗ ಲೂಪ್ಸ್, ಅಂದರೆ ಆ ಹಂತ ಎಷ್ಟು ಸಲ ಓಡಿತು ಎಂಬ ಸಂಖ್ಯೆ. ಪ್ಲಾನಿನಲ್ಲಿ ಕಾಣುವ ಸಮಯ ಒಂದು ಲೂಪಿನ ಸರಾಸರಿ. 0.03 ಮಿಲಿಸೆಕೆಂಡ್ ಎಂದು ನೋಡಿ ಮುಂದೆ ಹೋಗುತ್ತಾರೆ. ಪಕ್ಕದಲ್ಲಿ ಲೂಪ್ಸ್ 2,00,000 ಎಂದಿರುತ್ತದೆ. ಗುಣಿಸಿದರೆ 6 ಸೆಕೆಂಡು, ಕಳ್ಳ ಅಲ್ಲೇ ಕೂತಿದ್ದಾನೆ. ಪ್ರತಿ ಕ್ವೆರಿಯನ್ನೂ ಮೂರು ಸಲ ಓಡಿಸಿ ಮೊದಲನೆಯದನ್ನು ಬಿಡಲು ಹೇಳು. ಎರಡನೇ ಸಲ ಪುಟಗಳು ಮೆಮೊರಿಯಲ್ಲಿ ಸಿಕ್ಕಿ ವೇಗ ಬಂದರೆ ಅದು ತಮ್ಮ ಇಂಡೆಕ್ಸಿನ ಮಹಿಮೆ ಅಂದುಕೊಂಡುಬಿಡುತ್ತಾರೆ.

ಆಮೇಲೆ ನೂರಕ್ಕೆ 97 ಸಾಲುಗಳ ಸ್ಟೇಟಸ್ ‘ಡೆಲಿವರ್ಡ್’ ಎಂದಿರುವ ಟೇಬಲ್ಲಿಗೆ ಸ್ಟೇಟಸ್ ಮೇಲೆ ಇಂಡೆಕ್ಸ್ ಹಾಕಿಸು. ‘ಡೆಲಿವರ್ಡ್’ ಕೇಳಿದರೆ ಇಡೀ ಟೇಬಲ್ಲು ಓದುತ್ತದೆ, ‘ಪೆಂಡಿಂಗ್’ ಕೇಳಿದರೆ ಇಂಡೆಕ್ಸ್ ಹಿಡಿಯುತ್ತದೆ. ತಾರೀಕಿನ ಕಾಲಮ್ಮನ್ನು ಫಂಕ್ಷನ್ ಒಳಗೆ ಸುತ್ತಿದರೆ ಇಂಡೆಕ್ಸ್ ಬಿಟ್ಟುಹೋಗುವುದು, ಇಷ್ಟರಿಂದ ಇಷ್ಟರೊಳಗೆ ಎಂದು ಬರೆದರೆ ಮತ್ತೆ ಹಿಡಿಯುವುದು, ಇದನ್ನೂ ತೋರಿಸು.

ನಮ್ಮವರಿಗೆ ಥಟ್ಟನೆ ಹಿಡಿಸುವ ಒಂದು ಉದಾಹರಣೆ ಹೇಳುತ್ತೇನೆ. ಆರ್ಡರ್ ಟೇಬಲ್ಲಿನಲ್ಲಿ ಜಿಲ್ಲೆ, ತಾಲ್ಲೂಕು ಎರಡು ಕಾಲಮ್ ಇಡು. ರಾಜ್ಯದಲ್ಲಿ 31 ಜಿಲ್ಲೆ ಇದ್ದರೂ ಲೆಕ್ಕ ಸಲೀಸಾಗಲೆಂದು 30 ತೆಗೆದುಕೋ, ಜಿಲ್ಲೆಗೆ 8 ತಾಲ್ಲೂಕು. ಜಿಲ್ಲೆ ಶಿವಮೊಗ್ಗ, ತಾಲ್ಲೂಕು ಸಾಗರ ಎಂದು ಕೇಳು. ಸಾಗರ ಶಿವಮೊಗ್ಗದಲ್ಲೇ ಇದೆ ಎಂದು ಕ್ವೆರಿಯ ದಾರಿ ಆರಿಸುವ ಪ್ಲಾನರಿಗೇನು ಗೊತ್ತು? ಮೂವತ್ತರಲ್ಲಿ ಒಂದು, ಇನ್ನೂರನಲವತ್ತರಲ್ಲಿ ಒಂದು ಎಂದು ಎರಡನ್ನೂ ಗುಣಿಸಿ 50 ಲಕ್ಷದಲ್ಲಿ ಸುಮಾರು 700 ಸಾಲು ಸಿಗಬಹುದು ಎನ್ನುತ್ತದೆ. ನಿಜಕ್ಕೂ ಬರುವುದು 20,800ರ ಹತ್ತಿರ. ಸಾಲು ಕಡಿಮೆ ಎಂಬ ಈ ತಪ್ಪು ಅಂದಾಜನ್ನು ನಂಬಿ ಅದು ಬೇರೆ ಟೇಬಲ್ಲಿನ ಜೊತೆ ಜಾಯಿನ್ ಮಾಡುವಾಗ ನೆಸ್ಟೆಡ್ ಲೂಪ್ (ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ಲಿನಲ್ಲಿ ಹುಡುಕುವ ವಿಧಾನ) ಆರಿಸಿಕೊಂಡು ಮುಗ್ಗರಿಸುತ್ತದೆ. ಎರಡೂ ಕಾಲಮ್ಮಿಗೆ ಸೇರಿಸಿ ಡಿಪೆಂಡೆನ್ಸೀಸ್ ಬಗೆಯ (ಒಂದು ಕಾಲಮ್ ಇನ್ನೊಂದನ್ನು ಅವಲಂಬಿಸಿದೆ ಎಂದು ತಿಳಿಸುವ) ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಕೊಡು, ಕೂಡಲೇ ಆ ಅಂಕಿಅಂಶ ಸಂಗ್ರಹಿಸುವ ಅನಲೈಜ್ ಓಡಿಸು. ಅಂದಾಜು ದಾರಿಗೆ ಬರುತ್ತದೆ. ಅನಲೈಜ್ ಮರೆತರೆ ಏನೂ ಬದಲಾಗದು, ಬಹಳ ಜನ ಮರೆಯುವುದೂ ಇದನ್ನೇ.

ಲಾಕ್ (ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರನ್ನು ತಡೆಯುವ ಬೀಗ) ಪಾಠಕ್ಕೆ ಪರದೆಯಲ್ಲಿ ಮೂರು ಟರ್ಮಿನಲ್ ತೆರೆ. ಮೊದಲನೆಯದರಲ್ಲಿ ಬಿಗಿನ್ ಹೇಳಿ ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯಬೇಕಾದ ಕೆಲಸಗಳ ಕಟ್ಟು) ಶುರುಮಾಡಿ, ಒಂದು ಸೆಲೆಕ್ಟ್ ಮಾಡಿ, ಮುಗಿಸುವ ಕಮಿಟ್ ಕೊಡದೆ ಬಿಡು. ಎರಡನೆಯದರಲ್ಲಿ ಆಲ್ಟರ್ ಟೇಬಲ್, ಹೊಸ ಕಾಲಮ್ ಸೇರಿಸು. ಅದು ಕಾಯುತ್ತದೆ. ಈಗ ಮೂರನೆಯದರಲ್ಲಿ ಅದೇ ಟೇಬಲ್ಲಿಗೆ ಸಾದಾ ಸೆಲೆಕ್ಟ್. ಅದೂ ಕಾಯುತ್ತದೆ! ಆಲ್ಟರ್ ಸರದಿಯಲ್ಲಿ ನಿಂತಿರುವುದರಿಂದ ಅದರ ಹಿಂದೆ ಬಂದವರೆಲ್ಲ ನಿಲ್ಲಬೇಕು. ಎಷ್ಟೋ ವೆಬ್‌ಸೈಟು ಕೆಲಸದ ವೇಳೆಯಲ್ಲಿ ಮಲಗುವುದು ಹೀಗೇ. ಪಿಜಿ ಬ್ಲಾಕಿಂಗ್ ಪಿಡ್ಸ್ ಫಂಕ್ಷನ್ ಕೇಳಿ ಯಾರು ಯಾರನ್ನು ತಡೆದಿದ್ದಾರೆ ಎಂದು ತೋರಿಸು. ಮತ್ತೊಮ್ಮೆ ಲಾಕ್ ಟೈಮ್‌ಔಟ್ 2 ಸೆಕೆಂಡ್ ಇಟ್ಟು ಆಲ್ಟರ್ ಮಾಡಿಸು. ಆಲ್ಟರ್ ಸೋತು ಹಿಂದೆ ಸರಿಯುತ್ತದೆ, ಸೆಲೆಕ್ಟ್ ಸಾಗುತ್ತದೆ. ಡೆಡ್‌ಲಾಕ್ (ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಬೀಳುವುದು) ಇದಕ್ಕಿಂತ ಸುಲಭ: ಎರಡು ಟರ್ಮಿನಲ್, ಎರಡು ಸಾಲು, ಅಡ್ಡಾದಿಡ್ಡಿ ಅಪ್‌ಡೇಟ್, ಒಂದು ಸೆಕೆಂಡಿನ ನಂತರ ಒಂದು ಟ್ರಾನ್ಸಾಕ್ಷನ್ ರದ್ದು. ಇಬ್ಬರೂ ಐಡಿ ಕ್ರಮದಲ್ಲೇ ಮುಟ್ಟಿದರೆ ಆ ಗೊಡವೆಯಿಲ್ಲ. ಆಫೀಸಿನಲ್ಲಿ ಮೈಎಸ್‌ಕ್ಯೂಎಲ್ ಇರುವವರು ಇಲ್ಲಿ ತಗಾದೆ ತೆಗೆಯುತ್ತಾರೆ: ಮೈಎಸ್‌ಕ್ಯೂಎಲ್ಲಿನ ಇನ್ನೋಡಿಬಿ ಎಂಜಿನ್ ತಾನಾಗಿ ರಿಪೀಟಬಲ್ ರೀಡ್ (ಟ್ರಾನ್ಸಾಕ್ಷನ್ ಮುಗಿಯುವ ತನಕ ಒಂದೇ ಚಿತ್ರ ಕಾಣುವುದು), ಪೋಸ್ಟ್‌ಗ್ರೆಸ್ ರೀಡ್ ಕಮಿಟೆಡ್ (ಪ್ರತಿ ಕ್ವೆರಿಗೂ ಅಷ್ಟರೊಳಗೆ ಕಮಿಟ್ ಆದದ್ದು ಕಾಣುವುದು). ಮೊದಲೇ ಹೇಳಿಬಿಡು.

ವ್ಯಾಕ್ಯೂಮ್‌ಗೆ (ಅಪ್‌ಡೇಟ್ ಆದಾಗ ಉಳಿಯುವ ಹಳೇ ಪ್ರತಿ, ಅಂದರೆ ಸತ್ತ ಸಾಲು, ಗುಡಿಸುವ ಕೆಲಸ) ಒಂದು ಪಾಠ ಸಾಕು. ಎಲ್ಲ ಸಾಲನ್ನೂ ಒಮ್ಮೆ ಅಪ್‌ಡೇಟ್ ಮಾಡಿಸಿ ಟೇಬಲ್ಲಿನ ಗಾತ್ರ ಅಳೆಸು, ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ಅದನ್ನು ತಾನಾಗಿ ಮಾಡುವ ಆಟೋವ್ಯಾಕ್ಯೂಮ್ ಏಳುವುದು ಟೇಬಲ್ಲಿನ ನೂರಕ್ಕೆ 20ರಷ್ಟು, ಅದರ ಜೊತೆಗೆ ಇನ್ನೂ 50 ಸಾಲು ಸತ್ತ ಮೇಲೆ. 50 ಲಕ್ಷಕ್ಕೆ ಅದು 10,00,050 ಸತ್ತ ಸಾಲು, ಅಷ್ಟರತನಕ ಕಸ ಅಲ್ಲೇ.

ರೆಕಾರ್ಡಿಂಗ್ ಬಗ್ಗೆ: ಬಹಳಷ್ಟು ಜನ ಫೋನಿನಲ್ಲಿ ನೋಡುತ್ತಾರೆ. ಪ್ಲಾನಿನ ಸಾಲುಗಳು ಉದ್ದ, ಅಕ್ಷರ ಚಿಕ್ಕದಾದರೆ ಏನೂ ಕಾಣದು. ಟರ್ಮಿನಲ್ ಅಗಲ 80 ಅಕ್ಷರಕ್ಕೆ ನಿಲ್ಲಿಸಿ ಅಕ್ಷರ ದೊಡ್ಡದು ಮಾಡು, ಎಡಿಟ್ ಮಾಡುವ ಮೊದಲು ನಿನ್ನ ಫೋನಿನಲ್ಲೇ ಒಮ್ಮೆ ನೋಡು. ಶೀರ್ಷಿಕೆಯಲ್ಲಿ ಎರರ್ ಸಂದೇಶ ಪರದೆಯ ಮೇಲೆ ಬರುವ ಹಾಗೇ ಇರಲಿ, ಹುಡುಕುವವರು ಅದನ್ನೇ ನಕಲು ಮಾಡಿ ಹಾಕುತ್ತಾರೆ. ಯೂಟ್ಯೂಬಿನಲ್ಲಿ ಚಾಪ್ಟರ್ ಬರಬೇಕಾದರೆ ಮೊದಲ ಸಮಯ 0:00 ಆಗಿರಬೇಕು, ಕನಿಷ್ಠ ಮೂರು ಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆಯಿರಬಾರದು. ಒರಾಕಲ್ ಜೊತೆ ವೇಗದ ಹೋಲಿಕೆ ಹಾಕಲು ಹೋಗಬೇಡ. ವೇಗ ಪರೀಕ್ಷೆಯ ಫಲಿತಾಂಶವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬ ಷರತ್ತು ಅವರ ಲೈಸೆನ್ಸಿನಲ್ಲಿದೆ, ಈ ಕ್ಷೇತ್ರದಲ್ಲಿ ಡೆವಿಟ್ ಕಲಂ ಎನ್ನುತ್ತಾರೆ. ಆಫೀಸಿನ ನಿಜವಾದ ಡೇಟಾವನ್ನಂತೂ ಪರದೆಗೆ ತರಲೇಬೇಡ.

ದುಡ್ಡಿನ ವಿಷಯ. ಜಾಹೀರಾತಿನ ಪಾಲಿಗೆ 1,000 ಚಂದಾದಾರರು, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಆದರೆ ಇಂಥ ಪಾಠದಲ್ಲಿ ಜಾಹೀರಾತು ನೆಚ್ಚಿಕೊಳ್ಳಬೇಡ. ಹತ್ತು ಪಾಠ ಪುಕ್ಕಟೆ ಕೊಟ್ಟ ಮೇಲೆ ಆರು ವಾರದ ಲೈವ್ ಬ್ಯಾಚ್ ಮಾಡು, ಶನಿವಾರ ಭಾನುವಾರ ಬೆಳಗ್ಗೆ ಎರಡು ಗಂಟೆ, 25 ಜನಕ್ಕೆ ಮೀರದಂತೆ. ಅದಕ್ಕಿಂತ ಹೆಚ್ಚಾದರೆ ಒಬ್ಬೊಬ್ಬರ ಪ್ಲಾನು ನೋಡಿ ಹೇಳಲು ಆಗದು, ಅವರು ದುಡ್ಡು ಕೊಡುವುದು ಅದಕ್ಕೇ. ಟೇಬಲ್, ಕಾಲಮ್ ಹೆಸರು ಬದಲಿಸಿ ತಮ್ಮ ನಿಧಾನ ಕ್ವೆರಿಯ ಪ್ಲಾನು ಮಾತ್ರ ತರಲಿ. ವರ್ಷದ ವಹಿವಾಟು 20 ಲಕ್ಷದ ಹತ್ತಿರ ಬಂದಾಗ ಜಿಎಸ್‌ಟಿ ಬಗ್ಗೆ ಆಡಿಟರ್ ಹತ್ತಿರ ಮಾತಾಡು.

ಡೇಟಾ ತುಂಬಿಸುವ ಸ್ಕ್ರಿಪ್ಟ್ ಮುಗಿದ ಕೂಡಲೇ ನನಗೆ ಕಳಿಸು, ಮನೆಯ ಹಳೇ 4 ಜಿಬಿ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡುತ್ತೇನೆ. ಅದರಲ್ಲಿ ಹತ್ತು ನಿಮಿಷ ದಾಟಿದರೆ 20 ಲಕ್ಷ ಸಾಲಿಗೆ ಇಳಿಸೋಣ. ಅಪ್ಪ ಅಮ್ಮನಿಗೆ ಕೇಳಿದೆನೆಂದು ತಿಳಿಸು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ