ಕೊನೆಯ ಪುಟಗಳು ಅತ್ತಿಗೆಯ ಕೈಬರಹದಲ್ಲಿವೆ

ಇಂಗ್ಲಿಷ್ ಪ್ರಕೃತಿ ಲೇಖಕ ರಿಚರ್ಡ್ ಜೆಫರೀಸ್‌ನ ಪ್ರಬಂಧಗಳನ್ನು ಕನ್ನಡಕ್ಕೆ ತರುವ ಕೆಲಸ ಮೊನ್ನೆ ಮುಗಿಯಿತು. ನಡುವೆ ನಾನು ಕಾಯಿಲೆ ಬಿದ್ದು ಹಾಸಿಗೆ ಹಿಡಿದದ್ದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ.

ಇಂಗ್ಲೆಂಡಿನ ಸ್ವಿಂಡನ್‌ನ ನಮ್ಮ ಮನೆಯಿಂದ ಕೋಟ್ ಅನ್ನೋ ಊರಿಗೆ ನಡೆದೇ ಹೋಗಬಹುದು. 1848ರಲ್ಲಿ ಜೆಫರೀಸ್ ಹುಟ್ಟಿದ ರೈತರ ಮನೆ ಅಲ್ಲಿದೆ, ಈಗ ಮ್ಯೂಸಿಯಂ. ಬೇಲಿಸಾಲು, ಹೊಲದ ಆಳುಗಳು, ಮೊಲ, ಹಕ್ಕಿ, ಇವನ್ನೇ ಅವನು ಆಸೆಪಟ್ಟು ಬರೆದ. ಬದುಕಿದ್ದು ಬರೀ 38 ವರ್ಷ. ಕ್ಷಯ ಜಾಸ್ತಿಯಾಗಿ ಪೆನ್ನು ಹಿಡಿಯಲು ಆಗದಾಗ ಹೇಳಿ ಬರೆಸಿದ. ಬರೆದುಕೊಂಡವಳು ಹೆಂಡತಿ ಜೆಸ್ಸಿ.

ಸಾರು ಕಳಿಸಿದವರಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟವರಿಗೆ, ಕರಡು ಓದಿದ ಗೆಳೆಯರಿಗೆ, ಆಫೀಸಿನವರಿಗೆ ನಾನು ಋಣಿ.

ಅತ್ತಿಗೆಯ ವಿಷಯ ಬೇರೆ. ಸಾಗರದಿಂದ ಒಂದು ತಿಂಗಳಿಗೆಂದು ಬಂದವರು ನಾಲ್ಕು ತಿಂಗಳು ಉಳಿದರು. ಜನವರಿಯ ಒಂದು ರಾತ್ರಿ ನನಗೆ ನಿದ್ದೆ ಮಾಡಲು ಭಯ. ಮುಚ್ಚಿದ ಕಣ್ಣು ಮತ್ತೆ ತೆರೆಯುತ್ತೋ ಇಲ್ವೋ ಅನ್ನಿಸುತ್ತಿತ್ತು. ಅತ್ತಿಗೆ ನೋಟ್‌ಬುಕ್ ತೆಗೆದುಕೊಂಡು ಹಾಸಿಗೆ ಪಕ್ಕ ಕೂತರು. "ಮಲಗೋದು ಬೇಡ ಬಿಡು. ನೀನು ಹೇಳು, ನಾನು ಬರ್ಕೋತೀನಿ" ಅಂದರು.

ವಸಂತದ ಪ್ರಬಂಧ ನಡೆಯುತ್ತಿತ್ತು. ಹೊರಗೆ ಹೋಗಲಾಗದ ಜೆಫರೀಸ್ ಕಿಟಕಿಯಲ್ಲಿ ನೋಡುತ್ತಾನೆ. ದಿನದ ಲೆಕ್ಕ ಬರೆದಿಡಲು ತಾನಿಲ್ಲದೆ ಈ ಹಕ್ಕಿ, ಹೂವು ಹೇಗೆ ನಿಭಾಯಿಸುತ್ತಿವೆ ಅಂತ ಯೋಚಿಸುತ್ತಾನೆ. ಆ ಸಾಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ನಾನಿಲ್ಲದೆ ನನ್ನ ಮಕ್ಕಳು? ಜೋರಾಗಿ ಅತ್ತೆ. ಅತ್ತಿಗೆ ಸಮಾಧಾನದ ಮಾತು ಒಂದೂ ಆಡಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಕಾಲು ಒತ್ತುತ್ತಾ ಕೂತರು. ಎಷ್ಟೋ ಹೊತ್ತಿನ ಮೇಲೆ ಪೆನ್ನು ಎತ್ತಿಕೊಂಡು, "ಮುಂದೆ?" ಅಂದರು.

ಬೆಳಗಾಗುವಷ್ಟರಲ್ಲಿ ಹನ್ನೊಂದು ಪುಟ ಆಗಿತ್ತು.

ಏಪ್ರಿಲ್‌ನಲ್ಲಿ ಅವರ ಕೈ ಹಿಡಿದುಕೊಂಡು ಕೋಟ್ ವಾಟರ್‌ವರೆಗೆ ನಡೆದೆ. ಹಿಂದೆ ಕಾಲುವೆಗೆ ನೀರು ಬಿಡಲು ಕಟ್ಟಿದ ಕೆರೆ ಅದು. ಹುಡುಗ ಜೆಫರೀಸ್ ಆಡಿ ಬೆಳೆದ ಜಾಗ. ಅತ್ತಿಗೆ ದಡದಲ್ಲಿ ನಿಂತು, "ನಮ್ಮೂರ ಕೆರೆ ಥರಾನೇ ಇದೆ, ಅಲ್ವಾ?" ಅಂದರು. ನನಗೂ ಹಾಗೇ ಕಂಡಿತು.

ಗುರುವಾರ ಅವರು ಊರಿಗೆ ಹೊರಡುತ್ತಾರೆ. ಅತ್ತಿಗೆ, ಆ ನೋಟ್‌ಬುಕ್ ನಿಮ್ಮ ಬ್ಯಾಗಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೀನಿ. ಟೈಪ್ ಮಾಡಿದ ಪ್ರತಿ ನನಗೆ ಸಾಕು.