ಮಾಡ್ಯುಲರ್ ಕ್ಯಾಮೆರಾ: ಕೊಳ್ಳುವ ಮುನ್ನ ಸಂದು ನೋಡಿ

ಮಾನ್ಯ ಸಂಪಾದಕರೇ,

ಬೇಕಾದ ಭಾಗವನ್ನು ಕಳಚಿ ಬೇರೆ ಸಿಕ್ಕಿಸಬಹುದಾದ ಮಾಡ್ಯುಲರ್ ಕ್ಯಾಮೆರಾಗಳ ಮೇಲೆ ಕಾಸರಗೋಡಿನ ಹುಡುಗರಿಗೂ ಆಸೆ ಹುಟ್ಟಿದೆ. ಹಳತಾದದ್ದನ್ನಷ್ಟೇ ಬದಲಿಸಿದರೆ ಸಾಕು ಎಂಬ ಮಾತು ಯಾರಿಗೆ ಹಿಡಿಸುವುದಿಲ್ಲ? ಆದರೆ ಯಾವ ಭಾಗ ಯಾವುದಕ್ಕೆ ಅಂಟಿಕೊಂಡಿದೆ ಎಂದು ನೋಡದೆ ದುಡ್ಡು ಕೊಡಬಾರದು.

2009ರ ರಿಕೋ ಜಿಎಕ್ಸ್‌ಆರ್‌ನ ಬಾಡಿಯಲ್ಲಿ, ಬೆಳಕನ್ನು ಚಿತ್ರವಾಗಿಸುವ ಸೆನ್ಸರೇ ಇಲ್ಲ. ಸ್ಕ್ರೀನ್, ಬ್ಯಾಟರಿ, ಫ್ಲ್ಯಾಶ್, ಗುಂಡಿಗಳು ಅಷ್ಟೆ. ಲೆನ್ಸ್ ಮತ್ತು ಸೆನ್ಸರ್ ಒಂದೇ ಡಬ್ಬಿಯಲ್ಲಿ ಬರುತ್ತವೆ, ಅದನ್ನು ಜಾರಿಸಿ ಕೂರಿಸಬೇಕು. ಲೆನ್ಸ್ ಬದಲಿಸುವಾಗ ಸೆನ್ಸರಿಗೆ ಧೂಳು ಬೀಳುವುದಿಲ್ಲ, ಅದು ದೊಡ್ಡ ಲಾಭವೇ. ಆದರೆ ಒಳ್ಳೆಯ ಲೆನ್ಸ್ ದಶಕಗಟ್ಟಲೆ ಬಾಳುತ್ತದೆ, ಸೆನ್ಸರ್ ಕೆಲವೇ ವರ್ಷಗಳಲ್ಲಿ ಹಿಂದೆ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಕಟ್ಟಿದ್ದರಿಂದ ಸೆನ್ಸರಿನ ಜೊತೆ ಲೆನ್ಸೂ ಮೂಲೆಗೆ. ಸೆನ್ಸರ್ ಇದ್ದು, ಲೈಕಾ ಕಂಪನಿಯ ಎಂ ಮಾದರಿ ಲೆನ್ಸನ್ನು ಬೇರೆಯಾಗಿ ಹಾಕಬಹುದಾದ 2011ರ ಘಟಕಕ್ಕೆ ಮಾತ್ರ ಈ ತೊಂದರೆಯಿಲ್ಲ.

2013ರ ಸೋನಿ ಕ್ಯೂಎಕ್ಸ್ ಸರಣಿಯದು ಇನ್ನೊಂದು ದಾರಿ: ಲೆನ್ಸಿನಂಥ ಕ್ಯಾಮೆರಾವನ್ನು ಫೋನಿಗೆ ಕ್ಲಿಪ್ ಮಾಡಿ, ಚಿತ್ರವನ್ನು ವೈಫೈ ಮೂಲಕ ಫೋನಿನಲ್ಲಿ ನೋಡುವುದು. ಅಲ್ಲಿ ಕಾಣುವುದು ಸ್ವಲ್ಪ ತಡವಾದ ದೃಶ್ಯ. ಯಕ್ಷಗಾನದಲ್ಲಿ ಧಿಗಿಣ ಹಾರುವ ವೇಷಧಾರಿ ಸ್ಕ್ರೀನಿನಲ್ಲಿ ಮೇಲಿದ್ದಾಗ ಗುಂಡಿ ಒತ್ತಿದರೆ, ಫೋಟೋದಲ್ಲಿ ಆತ ನೆಲದ ಮೇಲಿರುತ್ತಾನೆ! ಆಟಕ್ಕೂ, ದೈವಾರಾಧನೆಯ ಕುಣಿತವಾದ ತೆಯ್ಯಕ್ಕೂ ಸಾಮಾನ್ಯ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾವೇ ವಾಸಿ.

ಬೈಕಿಗೆ, ನೀರಾಟಕ್ಕೆ 2020ರ ಇನ್‌ಸ್ಟಾ360 ಒನ್ ಆರ್ ಪರವಾಗಿಲ್ಲ. 4ಕೆ ಮತ್ತು 360 ಡಿಗ್ರಿ ಲೆನ್ಸುಗಳನ್ನು ಬದಲಿಸಿಕೊಳ್ಳಬಹುದು. ಆದರೆ ಲೆನ್ಸ್, ಕೋರ್ (ಸ್ಕ್ರೀನ್ ಇರುವ ಮುಖ್ಯ ಭಾಗ), ಬ್ಯಾಟರಿ ಮೂರನ್ನೂ ಒತ್ತಿ ಕೂಡಿಸಿ ಚೌಕಟ್ಟಿನಲ್ಲಿ ಬಿಗಿದರೆ ಮಾತ್ರ ಅದು 5 ಮೀಟರ್ ಆಳದವರೆಗೆ ನೀರು ತಡೆಯುತ್ತದೆ. ಸಂದಿನಲ್ಲಿ ಬೇಕಲ ಕಡಲತೀರದ ಒಂದು ಮರಳಕಣ ಉಳಿದರೂ ನೀರು ಒಳಹೊಕ್ಕೀತು. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಆರಿದ ಮೇಲೆಯೇ ಕಳಚಬೇಕು.

ನಮ್ಮ ಕರಾವಳಿಯಲ್ಲಿ ಈ ಕ್ಯಾಮೆರಾಗಳ ನಿಜವಾದ ಶತ್ರು ಉಪ್ಪುಗಾಳಿ ಮತ್ತು ಮಳೆಗಾಲದ ತೇವ. ಜೋಡಣೆಯ ಸಣ್ಣ ಲೋಹದ ಪಿನ್ನುಗಳು ಮಂಕಾದರೆ, ಸಿಕ್ಕಿಸಿದ ಭಾಗವನ್ನು, ಅಂದರೆ ಮಾಡ್ಯೂಲನ್ನು, ಬಾಡಿಯು ಒಮ್ಮೆ ಗುರುತಿಸುತ್ತದೆ, ಒಮ್ಮೆ ಇಲ್ಲ. ಬ್ಯಾಟರಿ ತೆಗೆದು, ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಹಾಕಿ ಮೆಲ್ಲಗೆ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಪಿನ್ನುಗಳ ಚಿನ್ನದ ಲೇಪವೇ ಸವೆದುಹೋಗಬಹುದು. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ತೇವಾಂಶ 40ರಿಂದ 50 ಶೇಕಡದೊಳಗೆ ಇರುವಂತೆ ನೋಡಿಕೊಳ್ಳಿ. ಅದಕ್ಕೊಂದು ಅಗ್ಗದ ತೇವಮಾಪಕ ಸಾಕು. ಲೆನ್ಸಿನೊಳಗೆ ಬೂಸ್ಟು ಹಿಡಿದ ಮೇಲೆ, ಲೆನ್ಸ್-ಸೆನ್ಸರಿನ ಮುಚ್ಚಿದ ಘಟಕವನ್ನು ಬಿಚ್ಚಿ ತೊಳೆಯುವ ಕೆಲಸ ಊರಿನ ರಿಪೇರಿಯವರಿಗೂ ಕಷ್ಟ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮಾಡ್ಯೂಲನ್ನು ಹತ್ತಾರು ಸಲ ಕಳಚಿ ಹಾಕಿ, ಪ್ರತಿ ಸಲವೂ ಚಿತ್ರ ಮೂಡುತ್ತದೆಯೇ ನೋಡಲಿ. ಫೋನನ್ನು ನಂಬಿದ ಮಾದರಿಯಾದರೆ ಅದರ ಆ್ಯಪ್ ತಮ್ಮದೇ ಫೋನಿನಲ್ಲಿ ನಡೆಯುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಲಿ. ಹೊಸ ಬ್ಯಾಟರಿ ಈಗಲೂ ಸಿಗುತ್ತದೆಯೇ ಎಂದೂ ವಿಚಾರಿಸಲಿ. ಸಿಗದಿದ್ದರೆ ಎಷ್ಟು ಅಗ್ಗವಾದರೂ ಬೇಡ.

– ಕೆಲವು ಛಾಯಾಗ್ರಾಹಕರು, ಬದಿಯಡ್ಕ