ಗೆಳೆಯಾ, ಆ ಪಿಸ್ತೂಲಿನ ವಿಷಯ

ಪ್ರೀತಿಯ ಗೆಳೆಯ,

ಟೆಕ್ಸಾಸಿನ ಅಕ್ಕನ ಮನೆಯಿಂದ ಬಂದು ಎರಡು ತಿಂಗಳಾಯಿತು. ಪ್ರತಿ ಸಲ ಫೋನಿನಲ್ಲಿ ನೀನು ಕೇಳುವುದು ಒಂದೇ, "ಪಿಸ್ತೂಲ್ ಹೊಡೆದೆಯಂತೆ, ಹೇಗಿತ್ತು ಮಾರಾಯ?" ಫೋನಿನಲ್ಲಿ ಹೇಳಲು ಆಗಲಿಲ್ಲ. ಇಲ್ಲೇ ಬರೆಯುತ್ತೇನೆ, ನಮ್ಮ ಕೊಡಗಿನ ಕಡೆಯವರೂ ಓದಲಿ. ಗಾಳಿಬೀಡು ಕಡೆ ಮಳೆ ಇನ್ನೂ ಬಿಟ್ಟಿಲ್ಲ, ಕರೆಂಟು ಈಗಷ್ಟೇ ಬಂದಿದೆ.

ಭಾವನ ಹತ್ತಿರ ಇರುವುದು ಸಿಗ್ ಸೌರ್ ಕಂಪನಿಯ ಪಿ365 ಪಿಸ್ತೂಲ್. 2018ರಲ್ಲಿ ಬಂದ ಮಾಡೆಲ್. 9 ಎಂ.ಎಂ., ನಳಿಗೆ 3 ಇಂಚಿಗೆ ಸ್ವಲ್ಪ ಜಾಸ್ತಿ, ತೂಕ ಸುಮಾರು ಅರ್ಧ ಕೆಜಿ. ಅಷ್ಟು ಚಿಕ್ಕದರ ಮ್ಯಾಗಜೀನಿನಲ್ಲಿ 10 ಗುಂಡು ಹಿಡಿಯುತ್ತದೆ. ವಿಸಿಟರ್ ವೀಸಾದವರು ಅಲ್ಲಿ ಸುಮ್ನೆ ಇದನ್ನೆಲ್ಲ ಮುಟ್ಟುವ ಹಾಗಿಲ್ಲ, ಅದಕ್ಕೇ ಭಾವ ಮೊದಲೇ ನನಗೊಂದು ಬೇಟೆ ಲೈಸೆನ್ಸ್ ಮಾಡಿಸಿದ್ದರು.

ಗುರಿ 7 ಗಜ ದೂರ. ನಮ್ಮ ಅಂಗಳದಿಂದ ಬಚ್ಚಲಿನಷ್ಟು. ಮೊದಲ ಐದೂ ಎಡಕ್ಕೆ, ಕೆಳಗೆ. ಜೋಡಿ ನಳಿಗೆಯ ಕೋವಿ ಒದ್ದರೆ ಹೆಗಲು ತಡೆಯುತ್ತದೆ, ಇದರ ಒದೆತವೆಲ್ಲ ಮಣಿಕಟ್ಟಿಗೆ. ಕಿರುಬೆರಳಿಗೆ ಹಿಡಿಯಲು ಜಾಗವೇ ಇಲ್ಲ. ಮುಂದಿನ ಗುರಿಕಣ್ಣಿಗೂ ಹಿಂದಿನದಕ್ಕೂ ಅಂತರ ಕಡಿಮೆ, ಕೂದಲೆಳೆಯಷ್ಟು ಓರೆಯಾದರೂ ಗುಂಡು ಎಲ್ಲೋ ಹೋಗುತ್ತದೆ. "ಟ್ರಿಗರ್ ಜಗ್ಗಬೇಡ, ಮೆಲ್ಲಗೆ ಒತ್ತು" ಎಂದರು ಭಾವ. ಮೂರನೇ ಮ್ಯಾಗಜೀನಿನ ಹೊತ್ತಿಗೆ ತೂತುಗಳೆಲ್ಲ ಒಂದು ಅಂಗೈಯೊಳಗೆ ಬಂದವು. ನಮ್ಮೂರಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದ ಆ ಮೂರನೇ ಕಾಯಿ ನೆನಪಾಯಿತು. ನಿನಗೆ ಗೊತ್ತಲ್ಲ, ಅಷ್ಟು ಸಾಕು.

ಆಮೇಲೆ ಭಾವ ಅದನ್ನು ಖಾಲಿ ಮಾಡಿ, ಪ್ಯಾಂಟಿನ ಒಳಗೆ ಸಿಕ್ಕಿಸುವ ಚೀಲಕ್ಕೆ ಹಾಕಿ ನನ್ನ ಸೊಂಟಕ್ಕೆ ಕಟ್ಟಿದರು. ಅಂಗಿ ಕೆಳಗೆ ಬಿಟ್ಟೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. 2021ರ ಸೆಪ್ಟೆಂಬರಿನಿಂದ ಅಲ್ಲಿ 21 ದಾಟಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೂ ಹೀಗೆ ಓಡಾಡಬಹುದು. ನನಗೆ ಖುಷಿಯಾಯಿತು ಗೆಳೆಯಾ. ತುಂಬಾ ಖುಷಿ. ಅದರ ಹಿಂದೆಯೇ ಕಣ್ಣಮುಂದೆ ಬಂದದ್ದು ಚಿಕ್ಕಪ್ಪನ ಮಗನ ಮುಖ.

ಇದನ್ನು ಯಾರಿಗೂ ಹೇಳಿಲ್ಲ. ಹೋದ ಮಳೆಗಾಲ ಗಡಿಯ ಸಿಲ್ವರ್ ಮರ ಬಿತ್ತಲ್ವಾ, ಮರ ಯಾರದ್ದು ಅಂತ ಜಗಳವಾಯಿತಲ್ವಾ, ಅವನು ಅಪ್ಪನ ಬಗ್ಗೆ ಒಂದು ಮಾತು ಆಡಿದ. ನಾನು ಸೀದಾ ಮನೆಯೊಳಗೆ ಹೋದದ್ದು ಕೋವಿಗೆ. ಬೀರುವಿಗೆ ಬೀಗ. ಬೀಗದ ಕೈ ಅಮ್ಮನ ಹತ್ತಿರ, ಅಮ್ಮ ಹಟ್ಟಿಯಲ್ಲಿ. ಕೋವಿಯ ತೋಟಾ (ಗುಂಡು) ಬೇರೆ ಕಡೆ, ಅಪ್ಪ ಇದ್ದಾಗಿನಿಂದಲೂ ಹಾಗೇ. ಹುಡುಕುತ್ತಾ ನಿಂತಿದ್ದಾಗ ಅಮ್ಮ ಬಂದು "ಏನು ಬೇಕು ಮಗ?" ಎಂದರು. ಕೊಡೆ ಬೇಕು ಎಂದೆ. ಕೊಡೆ ಕೊಟ್ಟರು.

ನಮ್ಮ ಕೋವಿ ಎಲ್ಲರಿಗೂ ಕಾಣುವಂಥದ್ದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಊರಿಗೆಲ್ಲ ಕೇಳುತ್ತದೆ. ಅದನ್ನು ಎತ್ತಿಕೊಂಡು ಹೊರಟರೆ ನಾಲ್ಕು ಜನ ಎಲ್ಲಿಗೆ ಎಂದು ಕೇಳುತ್ತಾರೆ. ಸೊಂಟದಲ್ಲಿ ಇದ್ದಿದ್ದರೆ ಯಾರು ಕೇಳುತ್ತಿದ್ದರು? ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮಗಿರುವ ಜಮ್ಮಾ ವಿನಾಯಿತಿ 2029ರ ತನಕ ಇದೆ. ಆದರೂ ಪಿಸ್ತೂಲ್ ನಮ್ಮ ಮನೆಗೆ ಬಾರದಿದ್ದರೇ ಒಳ್ಳೆಯದು ಅನಿಸುತ್ತದೆ ಈಗ. ಭಾವ ಒಳ್ಳೆಯ ಮನುಷ್ಯ, ಅವರ ಕೈಯಲ್ಲಿ ಅದು ಇದ್ದರೆ ನನಗೆ ಭಯವಿಲ್ಲ. ನನ್ನ ಕೈಯಲ್ಲಿ ಇದ್ದರೆ ಭಯ.

ಇಷ್ಟೆಲ್ಲ ಬರೆಯಬೇಕು ಅಂತ ಕೂತದ್ದಲ್ಲ. ಇರಲಿ. ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಹಿಂದಿನ ದಿನವೇ ಬಾ. ಕೋವಿ ಒರೆಸಲು ಕೈ ಬೇಕು, ಕೋವಿಗೆ ಸಿಕ್ಕಿಸುವ ತೋಕ್ ಪೂ ಹೂವು ಬೇಲಿಯಲ್ಲಿ ಚೆನ್ನಾಗಿ ಅರಳಿದೆ. ಚಿಕ್ಕಪ್ಪನ ಮಗನನ್ನೂ ಕರೆದಿದ್ದೇನೆ, ಬರುತ್ತೇನೆ ಎಂದಿದ್ದಾನೆ. ಅಮ್ಮ ಅಕ್ಕಿಯ ಕಡಂಬುಟ್ಟು ಮಾಡುತ್ತಾರೆ. ಪಂದಿಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕುವ ಹುಳಿ, ಕಾಚಂಪುಳಿ ಮಾತ್ರ ನಿಮ್ಮ ಮನೆಯದೇ ತಾ, ನಮ್ಮದು ಮುಗಿದಿದೆ.

ನಿನ್ನ ಗೆಳೆಯ